ಮೂರನೇ ಸುತ್ತಿಗೆ ಮೊದಲು ಮಾರಿದ್ದು

ಮೂರು ಶುಕ್ರವಾರಗಳ ಕೆಲಸ ನೋಡಿ ನಾನೊಬ್ಬ ಮನುಷ್ಯನನ್ನು ಕೈಬಿಟ್ಟಿದ್ದೇನೆ. ಕೈಬಿಟ್ಟೆ ಎನ್ನುವುದೂ ಮೆದುವಾದ ಮಾತೇ. ಆಗ ನಾನು ಆಡುತ್ತಿದ್ದ ಆಟದ ಭಾಷೆಯಲ್ಲಿ ಹೇಳುವುದಾದರೆ, ಮಾರಿದೆ. ವಾರ್ಡಿನ ಅಡುಗೆಮನೆಯಲ್ಲಿ ನಿಂತು, ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ಎರಡು ಮಾತು ಹೇಳಿದೆ. ಅಷ್ಟಕ್ಕೆ ಅವರ ಸಂಸಾರ ಎರಡು ಹೋಳಾಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದು ಮನಸ್ಸು ಹಗುರ ಮಾಡಿಕೊಳ್ಳುವುದಕ್ಕೂ ಅಲ್ಲ. ಹಗುರವಾಗಲಿ ಎಂಬ ಆಸೆ ನನಗಿಲ್ಲ.

ಐರ್ಲೆಂಡಿಗೆ ದುಡ್ಡಿನ ಮದ ಏರಿದ್ದ ವರ್ಷಗಳು ಅವು. ಡಬ್ಲಿನ್ನಿನಿಂದ ಒಂದು ತಾಸಿನ ದಾರಿಯ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಮೆಡಿಸಿನ್ ರಿಜಿಸ್ಟ್ರಾರ್, ಅಂದರೆ ತಂಡದ ಯಜಮಾನರ ಕೆಳಗಿನ ಎರಡನೇ ದರ್ಜೆಯ ಡಾಕ್ಟರ್ ಆಗಿದ್ದೆ. ಕಿಟಕಿಯಾಚೆ ಎತ್ತ ನೋಡಿದರೂ ಕ್ರೇನು. ಟ್ಯಾಕ್ಸಿಯವನು ಬಲ್ಗೇರಿಯಾದಲ್ಲಿ ಫ್ಲ್ಯಾಟು ತಗೊಂಡೆ ಎನ್ನುತ್ತಿದ್ದ. ರೋಗಿಗಳು ಡ್ರಿಪ್ ಹಾಕಿಸಿಕೊಂಡು ಮಲಗಿದಲ್ಲೇ ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಎಂದು ಮಾತಾಡುತ್ತಿದ್ದರು. ಅದೇ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಮುದುಕರು ಬೆಡ್ ಸಿಗದೆ ಎರಡೆರಡು ದಿನ ಟ್ರಾಲಿಯ ಮೇಲೆ ಬಿದ್ದಿರುತ್ತಿದ್ದರು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ನನಗೂ ಕಾಣುತ್ತಿರಲಿಲ್ಲ.

ನಮ್ಮಂಥ ಹೊರಗಿನ ಡಾಕ್ಟರುಗಳದು ಆರಾರು ತಿಂಗಳ ನೌಕರಿ. ಜನವರಿ ಒಂದನೇ ತಾರೀಖು ಮತ್ತು ಜುಲೈ ಒಂದನೇ ತಾರೀಖು, ವರ್ಷಕ್ಕೆ ಎರಡು ಸಲ ಇಡೀ ದೇಶದ ಕಿರಿಯ ಡಾಕ್ಟರುಗಳು ಗಂಟುಮೂಟೆ ಕಟ್ಟಿ ಆಸ್ಪತ್ರೆ ಬದಲಾಯಿಸುತ್ತಿದ್ದರು. ಅದೃಷ್ಟವಿದ್ದವರಿಗೆ ಅದೇ ಕಡೆ ಇನ್ನೊಂದು ಆರು ತಿಂಗಳು ಸಿಗುತ್ತಿತ್ತು. ವೀಸಾ, ಹೆಂಡತಿ ಮಕ್ಕಳು ಇಲ್ಲಿರುವ ಅನುಮತಿ, ಮನೆ ಬಾಡಿಗೆ ಎಲ್ಲವೂ ಆ ಆರು ತಿಂಗಳ ಕಾಗದಕ್ಕೆ ಕಟ್ಟಿಕೊಂಡಿದ್ದವು. ನಾನು ಒಂಟಿ. ಆರು ವರ್ಷಗಳಲ್ಲಿ ಎಂಟು ಆಸ್ಪತ್ರೆ ನೋಡಿದ್ದೆ. ಅತ್ಲೋನ್ ಕಡೆ ಒಂದೂರಿನಲ್ಲಿ ಒಮ್ಮೆ ನನ್ನನ್ನೂ ಕಾರಣ ಹೇಳದೆ ಬಿಟ್ಟಿದ್ದರು. ಕಷ್ಟ ಪಟ್ಟವರಿಗೆ ಕನಿಕರ ಬರುತ್ತದೆ ಎನ್ನುತ್ತಾರೆ. ನನಗೆ ಬರಲಿಲ್ಲ. ಇನ್ನೊಂದು ಸಲ ಕೈಬಿಡಿಸಿಕೊಳ್ಳುವವಳು ನಾನಾಗಬಾರದು ಎಂಬುದೊಂದನ್ನು ಮಾತ್ರ ಕಲಿತೆ.

ಅದಕ್ಕೂ ಮೊದಲೇ ನನ್ನ ಸ್ವಭಾವ ತಯಾರಾಗಿತ್ತು. ಬಳ್ಳಾರಿಯ ನಮ್ಮ ಮನೆಗೆ ಬಂದವರು ಕಾಫಿ ಲೋಟ ಕೈಗೆ ತಗೊಳ್ಳುವ ಮೊದಲೇ ನನ್ನ ಸಿಇಟಿ ರ‍್ಯಾಂಕ್ ಕೇಳುತ್ತಿದ್ದರು. ರ‍್ಯಾಂಕ್ ಹೇಳಿದ ಮೇಲೆ ಹೆಸರು. ಒಬ್ಬ ಮನುಷ್ಯನಿಗೆ ಒಂದು ನಂಬರ್ ಹಚ್ಚಿ, ಆ ನಂಬರಿನ ಮೇಲೆ ಅವನನ್ನು ಸಾಲಿನಲ್ಲಿ ನಿಲ್ಲಿಸುವುದು ನನಗೆ ತಾಯಿಯ ಹಾಲಿನ ಜೊತೆ ಬಂದದ್ದು. ಹಾಗಾಗಿ ಆಟ ಸಿಕ್ಕಾಗ, ಇದನ್ನು ನನಗೋಸ್ಕರವೇ ಮಾಡಿದ್ದಾರೆ ಅನ್ನಿಸಿತು.

ಆಟ ತಂದವಳು ಮೆಲ್ಬರ್ನಿನ ಒಬ್ಬ ಫಿಸಿಯೋಥೆರಪಿಸ್ಟ್. ಅವರ ದೇಶದ ಫುಟ್‌ಬಾಲ್ ಬೇರೆಯದೇ ಒಂದು ಯುದ್ಧ. ಮೊಟ್ಟೆಯಾಕಾರದ ಚೆಂಡು, ಕೈಯಲ್ಲೂ ಹೊಡೆಯಬಹುದು, ಕಾಲಲ್ಲೂ ಒದೆಯಬಹುದು, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಹತ್ತಿ ಹಾರಿ ಹಿಡಿಯುತ್ತಾರೆ. ನಾನು ಆ ಆಟದ ಒಂದೇ ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಇಂಟರ್‌ನೆಟ್ಟಿನಲ್ಲಿ ನಮ್ಮದೇ ಒಂದು ಕಾಲ್ಪನಿಕ ತಂಡ ಕಟ್ಟುವುದು, ಅಷ್ಟೇ. ನಿಜವಾದ ಆಟಗಾರರನ್ನು ಗೊತ್ತುಮಾಡಿದ ಬೆಲೆಗೆ ಆರಿಸಿಕೊಳ್ಳಬೇಕು. ಅವರು ಅಲ್ಲಿ ಮೈದಾನದಲ್ಲಿ ಮೈಕೈ ಮುರಿದುಕೊಂಡು ಗಳಿಸಿದ ಅಂಕ ಇಲ್ಲಿ ನಮ್ಮ ಹೆಸರಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಎಂಟು ಜನ ಸೇರಿ ಲೀಗ್ ಮಾಡಿಕೊಂಡೆವು.

ಇಡೀ ಸೀಸನ್ನಿಗೆ ಇಪ್ಪತ್ತೇ ಟ್ರೇಡು. ಅಂದರೆ ಒಬ್ಬನನ್ನು ಮಾರಿ ಇನ್ನೊಬ್ಬನನ್ನು ತಗೊಳ್ಳುವ ಅವಕಾಶ ಇಪ್ಪತ್ತು ಸಲ ಮಾತ್ರ. ಗುಟ್ಟೆಲ್ಲ ಇರುವುದು ಮೊದಲ ಮೂರು ವಾರದಲ್ಲಿ. ಅಲ್ಲಿಯವರೆಗೆ ಯಾರ ಬೆಲೆಯೂ ಅಲ್ಲಾಡುವುದಿಲ್ಲ. ಮೂರನೇ ಸುತ್ತು ಮುಗಿದ ಕೂಡಲೇ ಎಲ್ಲರ ಬೆಲೆ ಒಟ್ಟಿಗೆ ಕದಲುತ್ತದೆ. ಚೆನ್ನಾಗಿ ಆಡಿದ ಅಗ್ಗದ ಹೊಸಬ ಮೇಲೇರುತ್ತಾನೆ, ಮಂಕಾಗಿರುವ ದುಬಾರಿ ಹಳಬ ಬೀಳುತ್ತಾನೆ. ಆದ್ದರಿಂದ ಬೀಳಲಿರುವವನನ್ನು ಬೀಳುವ ಮೊದಲೇ ಮಾರಬೇಕು. ಹೋದ ವರ್ಷ ಅವನೆಷ್ಟು ಚೆನ್ನಾಗಿ ಆಡಿದ್ದ ಎಂದು ನೆನಪು ಮಾಡಿಕೊಂಡು ಕೂತವನು ಕೆಟ್ಟ.

ಇದನ್ನೆಲ್ಲ ಕಲಿಸಿದ ಫಿಸಿಯೋ ಒಂದು ಎಚ್ಚರಿಕೆಯನ್ನೂ ಹೇಳಿದ್ದಳು. "ಮೂರು ಪಂದ್ಯ ನೋಡಿ ಆಟಗಾರ ಎಂಥವನು ಅಂತ ಗೊತ್ತಾಗಲ್ಲ. ಕೋಚ್ ಅವನನ್ನ ಎಲ್ಲಿ ನಿಲ್ಲಿಸಿದ್ದಾನೆ ಅಂತ ಮಾತ್ರ ಗೊತ್ತಾಗುತ್ತೆ. ಅಂಕ ಕಡಿಮೆ ಬಂದ್ರೆ, ಮೊದಲು ಅದನ್ನ ನೋಡು." ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಆ ಮಾರ್ಚ್ ಕೊನೆಗೆ, ಸೀಸನ್ ಶುರುವಾದ ವಾರವೇ, ನಮ್ಮ ತಂಡಕ್ಕೆ ಇಬ್ಬರು ಕಿರಿಯ ಡಾಕ್ಟರುಗಳು ಬಂದರು. ಆಸ್ಪತ್ರೆಯೊಳಗೇ ಮೂರು ತಿಂಗಳಿಗೊಮ್ಮೆ ತಂಡ ಬದಲಾಯಿಸುವ ಪದ್ಧತಿ ಇತ್ತು. ಒಬ್ಬ ಮಂಗಳೂರಿನಲ್ಲಿ ಓದಿದ ಇಪ್ಪತ್ತೇಳರ ಹುಡುಗ, ನಡೆದರೆ ಗಾಳಿ ಬೀಸುವಷ್ಟು ಚುರುಕು. ಇನ್ನೊಬ್ಬರು ದಾವಣಗೆರೆಯವರು, ವಯಸ್ಸು ನಲವತ್ತೊಂದು. ಊರಲ್ಲಿ ಹತ್ತು ವರ್ಷ ಪ್ರ್ಯಾಕ್ಟೀಸ್ ಮಾಡಿದ ಮೇಲೆ ಪರೀಕ್ಷೆ ಬರೆದು ಇಲ್ಲಿಗೆ ಬಂದು, ತಮಗಿಂತ ಎಂಟು ವರ್ಷ ಚಿಕ್ಕವಳಾದ ನನ್ನ ಕೈಕೆಳಗೆ ಕೆಲಸ ಮಾಡಬೇಕಾಗಿದ್ದವರು. ಅವರಿಗೆ ಅದರ ಬೇಸರ ಇರಲಿಲ್ಲ. ವಾರ್ಡಿನಲ್ಲಿ ಎಲ್ಲರ ಮುಂದೆ ನನ್ನನ್ನು ಮೇಡಂ ಎನ್ನುತ್ತಿದ್ದರು, ಕಾರಿಡಾರಿಗೆ ಬಂದ ಕೂಡಲೇ ತಂಗಿ ಆಗಿಬಿಡುತ್ತಿದ್ದೆ.

ನಾಲ್ಕು ವರ್ಷ ಹೆಂಡತಿ ಮಗಳನ್ನು ಬಿಟ್ಟಿದ್ದು, ಹಿಂದಿನ ಬೇಸಿಗೆಯಲ್ಲಷ್ಟೇ ಕರೆಸಿಕೊಂಡಿದ್ದರು. ಮಗಳಿಗೆ ಒಂಬತ್ತು ವರ್ಷ. ಒಂದು ಭಾನುವಾರ ಊಟಕ್ಕೆ ಕರೆದರು. ಊಟಕ್ಕೂ ಮೊದಲು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟರು. ಮಂಡಕ್ಕಿಗೋಸ್ಕರ ಡಬ್ಲಿನ್ನಿಗೆ ಹೋಗಿ ಬಂದಿದ್ದರಂತೆ. ಅವರ ಹೆಂಡತಿ ನನ್ನ ತಟ್ಟೆಗೆ ಬಡಿಸುತ್ತಲೇ ಇದ್ದರು.

"ಅಕ್ಕಾ, ನೀವೊಬ್ರು ಇದೀರಲ್ಲ ಇವ್ರ ಮೇಲೆ, ನನಗೆ ಧೈರ್ಯ ಐತೆ ನೋಡ್ರಿ. ಜುಲೈಗೆ ಇಲ್ಲೇ ಮುಂದುವರಿದ್ರೆ ಸಾಕು. ಮಗು ಈಗ ಸ್ಕೂಲಿಗೆ ಹೊಂದ್ಕಂಡಾಳೆ. ನಾಲ್ಕು ವರ್ಷ ಅಪ್ಪನ ಫೋಟೋಕ್ಕೆ ಗುಡ್‌ನೈಟ್ ಹೇಳಿ ಮಲಗಿದ ಕೂಸು ಅದು."

"ಆಗುತ್ತೆ ಬಿಡಿ," ಎಂದೆ, ಇನ್ನೊಂದು ಬಜ್ಜಿ ತಗೊಂಡೆ.

ಲೀಗಿಗೆ ಎಂಟನೆಯವರಾಗಿ ಅವರನ್ನು ಎಳೆದು ತಂದವಳೂ ನಾನೇ. ಜನ ಕಡಿಮೆ ಬಿದ್ದಿತ್ತು. ಅವರಿಗೆ ಆಟ ತಿಳಿಯಲಿಲ್ಲ, ಮಗಳಿಗೆ ತಿಳಿಯಿತು. ಅಪ್ಪ ಮಗಳು ಕೂತು ತಂಡ ಕಟ್ಟಿದರು. ಅದರಲ್ಲಿ ಒಬ್ಬ ಐರಿಶ್ ಆಟಗಾರನಿದ್ದ. ಇಲ್ಲಿಯ ಗೇಲಿಕ್ ಫುಟ್‌ಬಾಲ್ ಆಡಿಕೊಂಡಿದ್ದವನನ್ನು ಆಸ್ಟ್ರೇಲಿಯಾದವರು ಎರಡು ವರ್ಷದ ಒಪ್ಪಂದದ ಮೇಲೆ ಕರೆದುಕೊಂಡು ಹೋಗಿದ್ದರು. ಎಲ್ಲರಿಗಿಂತ ಅಗ್ಗ. ಪಂದ್ಯಕ್ಕೆ ಇಳಿಸುತ್ತಲೇ ಇರಲಿಲ್ಲ, ಹಾಗಾಗಿ ವಾರವಾರವೂ ಸೊನ್ನೆ.

"ಇವನನ್ನ ಮೊದಲು ಮಾರಿ ಸರ್," ಎಂದೆ. "ಮೂರನೇ ಸುತ್ತಿಗೆ ಮೊದಲು. ಸುಮ್ನೆ ಜಾಗ ತಿಂತಾ ಇದಾನೆ."

ಮಗಳು ಪಕ್ಕಾ ಐರಿಶ್ ರಾಗದ ಇಂಗ್ಲಿಷಿನಲ್ಲಿ, ಅವನು ನಮ್ಮ ಕೌಂಟಿಯವನು, ನಮ್ಮದೇ ಜಿಲ್ಲೆ, ನನ್ನ ಕ್ಲಾಸಿನವಳ ಕಸಿನ್, ಅವನನ್ನು ಮಾರುವ ಹಾಗಿಲ್ಲ ಎಂದಳು. ಅವಳಪ್ಪ ನಕ್ಕರು.

"ಇರ್ಲಿ ಬಿಡು ತಂಗಿ. ಅವನೂ ಊರು ಬಿಟ್ಟು ಹೋಗ್ಯಾನೆ. ಯಾವಾಗಾದ್ರೂ ಒಂದು ದಿನ ಕರೀತಾರೆ."

ನನಗೆ ಸಿಟ್ಟು ಬಂತು. ದಡ್ಡತನ ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಒಳ್ಳೆಯತನ ಕಂಡರೆ ಅದಕ್ಕಿಂತ ಹೆಚ್ಚು.

ಈಗ ಶುಕ್ರವಾರದ ವಿಷಯ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ಶುಕ್ರವಾರ ರಾತ್ರಿ ವಾರದ ಮೊದಲ ಪಂದ್ಯ ಶುರುವಾಗುವ ಹೊತ್ತಿಗೆ ನಮ್ಮ ತಂಡಗಳಿಗೆ ಬೀಗ ಬೀಳುತ್ತಿತ್ತು. ಆಮೇಲೆ ಬದಲಾಯಿಸುವಂತಿಲ್ಲ. ಅಲ್ಲಿಯ ರಾತ್ರಿ ಎಂದರೆ ನಮಗೆ ಬೆಳಗಿನ ರೌಂಡ್ಸ್ ಮುಗಿಯುವ ಹೊತ್ತು. ಕೊನೇ ಗಳಿಗೆಯಲ್ಲಿ ಯಾರು ಆಡುವುದಿಲ್ಲ ಎಂಬ ಸುದ್ದಿ ಬರುವುದು ಪಂದ್ಯಕ್ಕೆ ಒಂದು ತಾಸು ಮೊದಲು. ಅದನ್ನು ನೋಡದೆ ಟ್ರೇಡ್ ಮಾಡಿದವನು ಮೂರ್ಖ. ವಾರ್ಡಿನ ಕಂಪ್ಯೂಟರುಗಳಲ್ಲಿ ಆ ಸೈಟ್ ತೆರೆಯುತ್ತಿರಲಿಲ್ಲ. ಹಿಂದಿನ ಕಟ್ಟಡದ ಲೈಬ್ರರಿಯಲ್ಲಿ ಮಾತ್ರ ತೆರೆಯುತ್ತಿತ್ತು. ಹೋಗಿ, ಕೂತು, ಯೋಚಿಸಿ, ಬರಲು ಮುಕ್ಕಾಲು ತಾಸು ಬೇಕು.

ಆದರೆ ಶುಕ್ರವಾರ ಬೆಳಿಗ್ಗೆ ವಾರ್ಡಿನಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಶನಿವಾರ ಭಾನುವಾರಕ್ಕೆ ಮೊದಲು ಎಷ್ಟು ಜನರನ್ನು ಮನೆಗೆ ಕಳಿಸುತ್ತೇವೋ ಅಷ್ಟು ಬೆಡ್ ಖಾಲಿ. ರೋಗಿ ಮನೆಗೆ ಹೋಗಬೇಕಾದರೆ ಡಿಸ್ಚಾರ್ಜ್ ಲೆಟರ್ ಬರೆಯಬೇಕು, ಬರೆಯುವವರು ಕಿರಿಯ ಡಾಕ್ಟರುಗಳು. ಮಧ್ಯಾಹ್ನ ಹನ್ನೆರಡರೊಳಗೆ ಲೆಟರ್ ಆಗದಿದ್ದರೆ ಬೆಡ್ ಮ್ಯಾನೇಜರ್ ಎಂಬ ಹೆಂಗಸು ಬಂದು ಕೂಗಾಡುತ್ತಿದ್ದಳು. ಕೆಳಗೆ ಟ್ರಾಲಿಯ ಮೇಲೆ ಬಿದ್ದ ಮುದುಕಿಯೊಬ್ಬಳು ಅಲ್ಲೇ ಬಿದ್ದಿರುತ್ತಿದ್ದಳು.

ಮೊದಲ ಶುಕ್ರವಾರ ನಾನು ದಾವಣಗೆರೆಯವರ ಹತ್ತಿರ ಹೋಗಿ, "ಸರ್, ಸ್ವಲ್ಪ ನನ್ನ ಬ್ಲೀಪ್ ಇಟ್ಕೊಳ್ತೀರಾ? ಹತ್ತು ನಿಮಿಷ ಬಂದೆ," ಎಂದೆ. ಬ್ಲೀಪ್ ಎಂದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೇಜರ್, ರಿಜಿಸ್ಟ್ರಾರಿನದಂತೂ ಇಡೀ ಆಸ್ಪತ್ರೆಯ ತಲೆನೋವು. ಕ್ಯಾಶುವಾಲ್ಟಿಯಿಂದ, ಸರ್ಜರಿ ವಾರ್ಡಿನಿಂದ, ಎಲ್ಲೆಲ್ಲಿಂದಲೋ ಅದು ಕೂಗುತ್ತದೆ. ಅವರು ಕೈಯೊಡ್ಡಿ ಇಸಿದುಕೊಂಡರು. ಎಲ್ಲಿಗೆ ಎಂದು ಕೇಳಲಿಲ್ಲ, ಗೊತ್ತಿತ್ತು.

"ಹೋಗಿ ಬಾ ತಂಗಿ. ಬೀಗ ಬೀಳೋದ್ರಾಗೆ ಹೋಗು."

ಆ ಚುರುಕು ಹುಡುಗನನ್ನು ಯಾಕೆ ಕೇಳಲಿಲ್ಲ? ಅವನು ಬೇಡ ಎನ್ನುತ್ತಿದ್ದ. ಇವರು ಎನ್ನುವುದಿಲ್ಲ. ಇಷ್ಟೇ ಕಾರಣ, ಬೇರೆ ಸುಡುಗಾಡು ಕಾರಣ ಏನೂ ಇಲ್ಲ.

ನಾನು ಮುಕ್ಕಾಲು ತಾಸು ಬಿಟ್ಟು ಬಂದಾಗ ಅವರು ಕ್ಯಾಶುವಾಲ್ಟಿಯಲ್ಲಿ ನಾನು ನೋಡಬೇಕಿದ್ದ ರೋಗಿಯ ಪಕ್ಕ ನಿಂತಿದ್ದರು. ಅವರ ಲೆಟರುಗಳು ಅರ್ಧಕ್ಕೆ ನಿಂತಿದ್ದವು. ಹನ್ನೆರಡಕ್ಕೆ ಬೆಡ್ ಮ್ಯಾನೇಜರ್ ಬಂದು ಎಲ್ಲರೆದುರು ಅವರಿಗೆ ಬೈದಳು. ಮಂಗಳೂರಿನ ಹುಡುಗನ ಲೆಟರುಗಳೆಲ್ಲ ಮುಗಿದು, ಅವನು ಆ್ಯಪಲ್ ತಿನ್ನುತ್ತ ನಿಂತಿದ್ದ. ನಾನೂ ಅಲ್ಲೇ ಇದ್ದೆ. ಎರಡು ಒಳ್ಳೆಯ ಟ್ರೇಡ್ ಮಾಡಿ ಬಂದ ಖುಷಿಯಲ್ಲಿ ನನಗೆ ಆ ಬೈಗುಳ ಸರಿಯಾಗಿ ಕೇಳಿಸಲೂ ಇಲ್ಲ.

ಎರಡನೇ ಶುಕ್ರವಾರವೂ ಹಾಗೇ. ಮೂರನೇ ಶುಕ್ರವಾರವೂ ಹಾಗೇ. ಆ ಮೂರನೇ ಶುಕ್ರವಾರವೇ ಮುಖ್ಯವಾದದ್ದು, ಬೆಲೆ ಕದಲುವ ಮೊದಲಿನ ಕೊನೆಯ ಅವಕಾಶ. ಹಿಂದಿನ ವರ್ಷದ ಹೀರೋ ಒಬ್ಬನಿದ್ದ ನನ್ನ ತಂಡದಲ್ಲಿ, ಎರಡು ಪಂದ್ಯ ಮಂಕಾಗಿ ಆಡಿದ್ದ. ಕೋಚ್ ಅವನನ್ನು ಹಿಂದೆ ಕಾವಲಿಗೆ ನಿಲ್ಲಿಸಿದ್ದ ಎಂದು ಫಿಸಿಯೋ ಹೇಳಿದಳು, ಕಾಯಲು ಹೇಳಿದಳು. ನಾನು ಕಾಯಲಿಲ್ಲ. ಮಾರಿ, ಎಳೆಯ ಹುಡುಗನೊಬ್ಬನನ್ನು ತಗೊಂಡೆ. ಮಾರುವ ಗುಂಡಿ ಒತ್ತುವಾಗ ಮೈಯೆಲ್ಲ ಒಂಥರಾ ಬೆಚ್ಚಗಾಯಿತು. ಆ ಸುಖವನ್ನು ಮುಚ್ಚಿಟ್ಟು ಈ ಕತೆ ಹೇಳಿದರೆ ಸುಳ್ಳಾಗುತ್ತದೆ.

ವಾಪಸ್ ಬಂದಾಗ ಕನ್ಸಲ್ಟಂಟ್ ವಾರ್ಡಿನ ಅಡುಗೆಮನೆಯಲ್ಲಿದ್ದರು. ನಮ್ಮ ತಂಡದ ಯಜಮಾನರು, ಅರವತ್ತರ ಐರಿಶ್ ಮನುಷ್ಯ, ಒಳ್ಳೆಯವರು. ಶುಕ್ರವಾರ ರೌಂಡ್ಸ್ ಮುಗಿದ ಮೇಲೆ ರಿಜಿಸ್ಟ್ರಾರ್ ಜೊತೆ ನಿಂತು ಚಹಾ ಕುಡಿಯುವುದು ಅವರ ಪದ್ಧತಿ. ಆಸ್ಪತ್ರೆಯಲ್ಲಿ ನೌಕರಿಗಳು ಉಳಿಯುವುದೂ ಹೋಗುವುದೂ ಆ ಚಹಾದ ಹೊತ್ತಿಗೆ. ಆಮೇಲೆ ಆಫೀಸಿನಿಂದ ಬರುವ ಕಾಗದವೆಲ್ಲ ಬರೀ ಶಾಸ್ತ್ರ.

"ಜುಲೈಗೆ ಈ ಇಬ್ಬರಲ್ಲಿ ಒಬ್ಬರನ್ನ ಮಾತ್ರ ಇಟ್ಕೋಬಹುದು," ಎಂದರು. "ಇನ್ನೊಂದು ಜಾಗ ಇಲ್ಲಿಯ ಟ್ರೈನಿ ಡಾಕ್ಟರಿಗೆ ಹೋಗುತ್ತೆ. ಆಫೀಸಿನೋರು ಸೋಮವಾರದೊಳಗೆ ಹೆಸರು ಕೇಳ್ತಿದ್ದಾರೆ. ನನಗೆ ಆ ಹಿರಿಯರೇ ಗಟ್ಟಿ ಅನ್ನಿಸುತ್ತೆ. ರೋಗಿಗಳು ಅವರನ್ನ ಕೇಳಿಕೊಂಡು ಬರ್ತಾರೆ. ನೀನೇನಂತೀಯ?"

ನಾನು ಬಿಸ್ಕತ್ತು ಚಹಾದಲ್ಲಿ ಅದ್ದಿದೆ.

"ಮನುಷ್ಯ ಗ್ರ್ಯಾಂಡ್," ಎಂದೆ, ಒಳ್ಳೆಯವರಿಗೆ ಐರಿಶರು ಅನ್ನುವ ಹಾಗೆ. "ಆದ್ರೆ ನಿಧಾನ. ಮೂರು ವಾರದಿಂದ ನೋಡ್ತಿದೀನಿ, ಶುಕ್ರವಾರದ ಲೆಟರ್ ಒಂದು ಸಲವೂ ಟೈಮಿಗೆ ಮುಗಿದಿಲ್ಲ. ಆ ಹುಡುಗ ಇನ್ನೂ ಬೆಳೀತಾನೆ. ಇವರು ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂದಾಗಿದೆ."

ಅವರು ನನ್ನನ್ನೇ ನೋಡಿದರು. "ಖಂಡಿತಾನಾ?"

"ಖಂಡಿತ."

"ಸರಿ ಹಾಗಾದ್ರೆ," ಎಂದು ಲೋಟ ತೊಳೆದಿಟ್ಟರು. ಅಷ್ಟು ದೊಡ್ಡ ಡಾಕ್ಟರ್ ತಮ್ಮ ಲೋಟ ತಾವೇ ತೊಳೆಯುತ್ತಿದ್ದರು.

ನನಗೆ ದ್ವೇಷವಿತ್ತೇ? ಇಲ್ಲ. ಅದಿದ್ದರೆ ಎಷ್ಟೋ ವಾಸಿಯಿತ್ತು. ಆಗ ಲೈಬ್ರರಿಯಿಂದ ಬಂದಿದ್ದ ನನ್ನ ತಲೆ ಇನ್ನೂ ಅದೇ ಲೆಕ್ಕದಲ್ಲಿತ್ತು. ಯಾರ ಬೆಲೆ ಏರುತ್ತೆ, ಯಾರದು ಬೀಳುತ್ತೆ, ಬೀಳುವ ಮೊದಲು ಬಿಡು. ಆ ಲೆಟರುಗಳು ಯಾಕೆ ತಡವಾದವು ಎಂದು ಇಡೀ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಅವರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದವಳೂ ನಾನು. ಆ ಮಾತು ಹೇಳುವಾಗ ಅದು ನೆನಪಿಗೆ ಬರಲಿಲ್ಲ ಎಂದು ಬರೆದರೆ ನೀವು ನಂಬಬಹುದು. ನಂಬಬೇಡಿ. ನೆನಪಿಗೆ ಬಂತು, ಪಕ್ಕಕ್ಕೆ ಸರಿಸಿದೆ. ಲೈಬ್ರರಿ ವಿಷಯ ಬಾಯಿಬಿಟ್ಟರೆ ನನ್ನ ಬೆಲೆ ಬೀಳುತ್ತಿತ್ತು.

ಶನಿವಾರ, ಭಾನುವಾರ ನಡುವೆ ಇದ್ದವು. ಕನ್ಸಲ್ಟಂಟರ ಮನೆ ನಂಬರ್ ನನ್ನ ಹತ್ತಿರ ಇತ್ತು. ಶನಿವಾರ ನಾನು ಡನ್ ಲಿಯರಿಗೆ ಹೋಗಿ ಸಮುದ್ರದ ಕಟ್ಟೆಯ ಮೇಲೆ ಗಾಳಿ ತಿನ್ನುತ್ತ ನಡೆದೆ. ಭಾನುವಾರ ಅಂಕ ನೋಡಿದೆ. ನಾನು ತಗೊಂಡ ಹುಡುಗ ಭರ್ಜರಿ ಆಡಿದ್ದ. ಸೋಮವಾರ ಬೆಳಿಗ್ಗೆ ಕನ್ಸಲ್ಟಂಟರೇ ಕಾರಿಡಾರಿನಲ್ಲಿ ಸಿಕ್ಕು, "ಹೆಸರು ಕಳಿಸ್ತಾ ಇದೀನಿ," ಎಂದರು. ಏನಾದರೂ ಹೇಳುತ್ತಾಳೇನೋ ಎಂಬಂತೆ ಒಂದು ಕ್ಷಣ ನಿಂತರು. ನಾನು ಗುಡ್ ಮಾರ್ನಿಂಗ್ ಎಂದೆ.

ಮೇ ತಿಂಗಳಲ್ಲಿ ಕಾಗದ ಬಂತು. ಅವರು ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಮೊದಲು ನನ್ನ ಹತ್ತಿರವೇ ಬಂದರು.

"ಕೊಟ್ಟಿಲ್ಲ ತಂಗಿ. ಏನು ತಪ್ಪಾತೋ ಗೊತ್ತಿಲ್ಲ. ಮನೇಲಿ ಇನ್ನೂ ಹೇಳಿಲ್ಲ. ನೀನೊಂದು ರೆಫರೆನ್ಸ್ ಬರ್ದು ಕೊಡ್ತೀಯಾ? ನಿನ್ನದಾದ್ರೆ ತೂಕ ಇರ್ತತೆ."

ಬರೆದುಕೊಟ್ಟೆ. ಶ್ರಮಜೀವಿ, ವಿಶ್ವಾಸಾರ್ಹ, ರೋಗಿಗಳ ಅಚ್ಚುಮೆಚ್ಚು. ಒಂದು ಅಕ್ಷರವೂ ಸುಳ್ಳಲ್ಲ. ಅವರು ನಿಂತಲ್ಲೇ ಓದಿ ಕಣ್ಣೊರೆಸಿಕೊಂಡರು, ಎರಡೂ ಕೈ ಜೋಡಿಸಿದರು. ಆಗಲಾದರೂ ಭೂಮಿ ಬಾಯಿಬಿಡಬೇಕಿತ್ತು. ಬಿಡಲಿಲ್ಲ, ನನ್ನ ಬ್ಲೀಪ್ ಕೂಗಿತು, ಹೋದೆ.

ಅವರು ಪೂರ್ವದ ಡ್ರೋಹೆಡಾದಿಂದ ಹಿಡಿದು ಪಶ್ಚಿಮದ ಕೊನೆಯ ತನಕ ಅರ್ಜಿ ಹಾಕಿದರು. ಮೇ ಕೊನೆಗೆ ಜುಲೈನ ಜಾಗಗಳೆಲ್ಲ ತುಂಬಿ ಹೋಗಿರುತ್ತವೆ. ಸಿಕ್ಕಿದ್ದು ಅಲ್ಲೆರಡು ವಾರ, ಇಲ್ಲೆರಡು ವಾರದ ಬದಲಿ ಕೆಲಸ. ಅದರ ಮೇಲೆ ಹೆಂಡತಿ ಮಗಳನ್ನು ಇಲ್ಲಿಟ್ಟುಕೊಳ್ಳಲು ಬರುವುದಿಲ್ಲ. ಜೂನ್ ಕೊನೆಗೆ ಅವರಿಬ್ಬರೂ ದಾವಣಗೆರೆಗೆ ವಾಪಸ್ ಎಂದು ತೀರ್ಮಾನವಾಯಿತು.

ಇಷ್ಟರಲ್ಲೇ ಮುಗಿದಿದ್ದರೆ ನಾನು ಬಚಾವಾಗುತ್ತಿದ್ದೆ. ಜೂನ್ ನಡುವೆ ಒಂದು ದಿನ, ಕನ್ಸಲ್ಟಂಟ್ ನನ್ನೆದುರಿಗೇ ಅವರ ಭುಜದ ಮೇಲೆ ಕೈಯಿಟ್ಟರು. ಪಾಪ, ಒಳ್ಳೆಯದನ್ನೇ ಬಯಸಿ ಹೇಳಿದರು.

"ಮುಂದಿನ ಕಡೆ ಒಂದು ವಿಷಯ ನೋಡ್ಕೊಳ್ಳಿ. ಶುಕ್ರವಾರದ ಲೆಟರ್. ನಿಮ್ಮ ರಿಜಿಸ್ಟ್ರಾರ್ ಹೇಳಿದ್ದು ಅದೊಂದೇ. ಬೇರೆ ಯಾವ ದೂರೂ ಇರ್ಲಿಲ್ಲ."

ದಾವಣಗೆರೆಯವರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ. ರಿಪೋರ್ಟ್ ಬಂದ ಮೇಲೆ ಡಾಕ್ಟರ್ ರೋಗಿಯ ಕಡೆ ನೋಡುತ್ತಾನಲ್ಲ, ಹಾಗೆ. ಒಂದೇ ಒಂದು ವಾಕ್ಯ ಸಾಕಿತ್ತು ಅವರಿಗೆ. ಶುಕ್ರವಾರ ಬೆಳಿಗ್ಗೆ ಇವಳ ಬ್ಲೀಪ್ ಯಾರ ಹತ್ತಿರ ಇತ್ತು ಕೇಳಿ, ಎಂದಿದ್ದರೆ ಸಾಕಿತ್ತು. ಅದನ್ನೇ ಹೇಳುತ್ತಾರೆಂದು ನಾನು ಕಾದಿದ್ದೆ. ಹೇಳಲಿ ಎಂದು ಒಳಗೆಲ್ಲೋ ಆಸೆಯೂ ಇತ್ತು ಅಂತ ಈಗ ಅನ್ನಿಸುತ್ತದೆ. ಆಗ ಇದ್ದದ್ದು ಬರೀ ಹೆದರಿಕೆ.

"ಹೌದು ಸರ್," ಎಂದರು ಅವರು ಕನ್ಸಲ್ಟಂಟರಿಗೆ. "ಶುಕ್ರವಾರ ಲೇಟಾಗ್ತಿತ್ತು."

ಅಂದಿನಿಂದ ಕಾರಿಡಾರಿನಲ್ಲೂ ನಾನು ಮೇಡಂ ಆದೆ.

ಆಮೇಲಿನ ಶುಕ್ರವಾರ ಅವರನ್ನು ಕೇಳುವ ಮುಖ ನನಗಿರಲಿಲ್ಲ. ಲೈಬ್ರರಿಗೆ ಹೋಗುವುದನ್ನು ಬಿಟ್ಟೆನೇ? ಎಲ್ಲಿಂದ ಬಂತು. ಮಂಗಳೂರಿನ ಹುಡುಗನ ಹತ್ತಿರ ಹೋಗಿ, ಹತ್ತು ನಿಮಿಷ ಬ್ಲೀಪ್ ಇಟ್ಟುಕೋ ಎಂದೆ. ಅವನು ತಲೆ ಎತ್ತದೆ ಬರೆಯುತ್ತಲೇ ಇದ್ದ.

"ಸಾರಿ ಮೇಡಂ. ಶುಕ್ರವಾರ ನಿಮ್ಮ ಬ್ಲೀಪ್ ಇಟ್ಕೊಂಡ್ರೆ ಏನಾಗುತ್ತೆ ಅಂತ ನೋಡಿದೀನಿ."

ಪಕ್ಕದಲ್ಲಿದ್ದ ನರ್ಸ್ ಫೈಲಿನಲ್ಲಿ ಮುಖ ಹುದುಗಿಸಿದಳು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸುಮ್ಮನಿದ್ದರು, ಅವರವರ ಆರು ತಿಂಗಳು ಅವರವರಿಗೆ. ಆ ವಾರ ನನ್ನ ಟ್ರೇಡ್ ತಪ್ಪಿತು. ನಾನು ಮಾರಿದ ಆ ಹಳೆಯ ಹೀರೋ ಅಷ್ಟು ಹೊತ್ತಿಗೆ ಮತ್ತೆ ಮುಂದೆ ಆಡುತ್ತಿದ್ದ, ವಾರವಾರವೂ ರಾಶಿ ಅಂಕ ಗಳಿಸುತ್ತಿದ್ದ. ವಾಪಸ್ ತಗೊಳ್ಳುವಷ್ಟು ದುಡ್ಡು ನನ್ನ ಕಾಲ್ಪನಿಕ ಖಜಾನೆಯಲ್ಲಿ ಇರಲಿಲ್ಲ.

ಏರ್‌ಪೋರ್ಟಿಗೆ ಬಿಡಲು ಬರುತ್ತೀರಾ ಎಂದು ಕೇಳಿದವರು ಅವರ ಹೆಂಡತಿ. "ಇವ್ರು ಟ್ಯಾಕ್ಸಿ ಅಂತಾರೆ ಅಕ್ಕಾ. ನಮ್ಮೋರು ಅಂತ ನೀವಿರೋವಾಗ ಟ್ಯಾಕ್ಸಿ ಯಾಕೆ?" ಅವರಿಗೆ ಏನೂ ಗೊತ್ತಿರಲಿಲ್ಲ. ಗಂಡ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೆ ಇವತ್ತಿಗೂ ತಿಳಿಯದು. ನನ್ನ ಮರ್ಯಾದೆ ಉಳಿಸಲು ಎಂದುಕೊಳ್ಳುವಷ್ಟು ಮೂರ್ಖಳಲ್ಲ ನಾನು. ಹೆಂಡತಿ ಬಡಿಸಿದ ಊಟಕ್ಕೆ ಅವಮಾನವಾಗಬಾರದು ಎಂದಿರಬೇಕು.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಅವರು ಮುಂದಿನ ಸೀಟಿನಲ್ಲಿ, ತಾಯಿ ಮಗಳು ಹಿಂದೆ. ಹೆಂಡತಿ ದಾರಿಯುದ್ದಕ್ಕೂ ನನಗೆ ಉಪ್ಪಿನಕಾಯಿ ಯಾವ ಡಬ್ಬಿಯಲ್ಲಿದೆ, ಚಟ್ನಿಪುಡಿ ಯಾವುದರಲ್ಲಿದೆ ಎಂದು ಹೇಳುತ್ತಿದ್ದರು. ಅಡುಗೆಮನೆಯ ಸಾಮಾನನ್ನೆಲ್ಲ ನನಗೇ ಕಟ್ಟಿಕೊಟ್ಟಿದ್ದರು. ಗಂಡನಿಗೆ ಸಿಕ್ಕಿದ ಬಾಡಿಗೆ ರೂಮಿನಲ್ಲಿ ಒಲೆ ಇರಲಿಲ್ಲ. ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಒಂದೇ ಸಲ ಮಾತಾಡಿದ್ದು, ನಾನು ದಾರಿ ತಪ್ಪಲಿದ್ದಾಗ. "ಎಡಕ್ಕೆ ಮೇಡಂ."

ಒಳಗೆ ಲಗೇಜು ಕೊಟ್ಟಾದ ಮೇಲೆ ಹುಡುಗಿ ಬ್ಯಾಗಿನಿಂದ ಒಂದು ಚೀಟಿ ತೆಗೆದಳು. ಅವರ ತಂಡದ ಪಾಸ್‌ವರ್ಡ್ ಅದರಲ್ಲಿ ಬರೆದಿತ್ತು, ಸುತ್ತ ಹೂವಿನ ಚಿತ್ರ. ಅಜ್ಜಿ ಮನೆಯಲ್ಲಿ ಇಂಟರ್‌ನೆಟ್ ಇಲ್ಲ, ಅಪ್ಪನಿಗೆ ಆಡಲು ಬರುವುದಿಲ್ಲ, ನೀವು ನೋಡಿಕೊಳ್ತೀರಾ ಆಂಟಿ, ಎಂದು ಅದೇ ಐರಿಶ್ ರಾಗದಲ್ಲಿ ಕೇಳಿದಳು. ಇಪ್ಪತ್ತು ಟ್ರೇಡುಗಳಲ್ಲಿ ಅವರು ಒಂದನ್ನೂ ಬಳಸಿರಲಿಲ್ಲವಂತೆ. ನಮ್ಮ ಕೌಂಟಿಯವನು ಇನ್ನೂ ಆಡಿಲ್ಲ, ಆದರೆ ಆಡುತ್ತಾನೆ, ಎಂದಳು.

ನಾನು ಕೈ ಚಾಚಿದೆ. ನಿಜವಾಗಿಯೂ ಚಾಚಿದೆ. ಆ ಒಂದು ಚೀಟಿ ಸಿಕ್ಕಿದ್ದರೆ ನಾನು ಆ ಐರಿಶ್ ಆಟಗಾರನನ್ನು ಸೀಸನ್ ಮುಗಿಯುವ ತನಕ ಮುಟ್ಟುತ್ತಿರಲಿಲ್ಲ. ಅಷ್ಟಾದರೂ ಮಾಡಬೇಕೆಂದಿತ್ತು.

ಅವಳಪ್ಪ ಮಗಳ ಕೈಯಿಂದ ಚೀಟಿ ಇಸಿದುಕೊಂಡು, ಮಡಚಿ, ತಮ್ಮ ಜೇಬಿಗೆ ಹಾಕಿಕೊಂಡರು.

"ಮೇಡಂ ಹತ್ರ ಬ್ಯಾಡ ಪುಟ್ಟಿ," ಎಂದರು. "ಅವ್ರು ಮೂರು ವಾರ ನೋಡಿ ಮಾರಿಬಿಡ್ತಾರೆ."

ಹೆಂಡತಿ ನಕ್ಕರು. ಮಗಳು ನಕ್ಕಳು. ನಾನೂ ನಕ್ಕೆ, ಅವರಿಬ್ಬರಿಗಿಂತ ಜೋರಾಗಿ. ನನ್ನ ನಗು ಮುಗಿಯುವ ತನಕ ಅವರು ಕಾದು ನಿಂತಿದ್ದು, ಆಮೇಲೆ, ನೀವು ಹೊರಡಿ, ನಾನು ಬಸ್ಸಲ್ಲಿ ಹೋಗ್ತೀನಿ ಎಂದರು.